ಅಡಿಮರದ ಕೆಳಗೆ ಒಂದಂಗುಲ ನೀರು

ದೋಣಿಯ ಮೂತಿಯಲ್ಲಿ ನಿಂತವನ ಕೈಯಲ್ಲೊಂದು ಹಗ್ಗ. ಹಗ್ಗದ ತುದಿಗೆ ಸೀಸದ ಗುಂಡು. ಬೀಸಿ ಎಸೆಯುತ್ತಾನೆ, ಗುಂಡು ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ, ಎಷ್ಟು ಮಾರು ಎಂದು ಕೂಗುತ್ತಾನೆ. ಎಳೆದುಕೊಂಡು ಮತ್ತೆ ಎಸೆಯುತ್ತಾನೆ. ಕಂಬದ ತುದಿಗೆ ಕಟ್ಟಿದ ಪೀಪಾಯಿಯಲ್ಲಿ ಇನ್ನೊಬ್ಬ ಕೂತು ನೀರಿನ ಬಣ್ಣ ನೋಡುತ್ತಿದ್ದಾನೆ: ಕಪ್ಪಾದರೆ ಆಳ, ತಿಳಿಯಾದರೆ ಅಪಾಯ. ಚುಕ್ಕಾಣಿಯವನಿಗೆ ಕಣ್ಣಿದ್ದೂ ಉಪಯೋಗವಿಲ್ಲ, ಈ ಇಬ್ಬರ ಬಾಯನ್ನೇ ನಂಬಬೇಕು. 1905ರ ಆಗಸ್ಟ್ ತಿಂಗಳು, ಕೆನಡಾದ ಉತ್ತರದಂಚಿನ ಸಿಂಪ್ಸನ್ ಜಲಸಂಧಿ. ದೋಣಿಯ ಹೆಸರು ‘ಯೋವಾ’. ಒಂದು ಕಡೆಯಂತೂ ದೋಣಿಯ ಅಡಿಮರಕ್ಕೂ ಕಡಲ ತಳದ ಕಲ್ಲಿಗೂ ನಡುವೆ ಉಳಿದಿದ್ದ ನೀರು ಒಂದೇ ಅಂಗುಲ.

ಆರ್ಕ್ಟಿಕ್ ಎಂದ ಕೂಡಲೇ ನಮಗೆ ನೆನಪಾಗುವುದು ಚಳಿ. ಆದರೆ ಅಲ್ಲಿ ಸಣ್ಣ ದೋಣಿ ನಡೆಸಿದವರ ದಿನಚರಿಗಳನ್ನು ಓದುತ್ತ ಹೋದಂತೆ ಚಳಿಯ ಮಾತು ಹಿಂದೆ ಸರಿಯುತ್ತದೆ. ಚಳಿಗೆ ತುಪ್ಪಳ ಹೊದೆಯಬಹುದು. ಹೊದೆದರೂ ಬಿಡದೆ ಕಾಡುವುದು ನೀರು. ಗಡ್ಡೆಯಾಗಿ ದಾರಿ ಕಟ್ಟುವ ನೀರು, ಮಂಜಾಗಿ ಕಣ್ಣು ಕಟ್ಟುವ ನೀರು, ತುಂತುರಾಗಿ ಹಾರಿ ಬಂದು ಹಗ್ಗದ ಮೇಲೆ ಕಲ್ಲಾಗುವ ನೀರು, ಮಲಗಿದವನ ಉಸಿರಿನಿಂದಲೇ ಹೊರಟು ಅವನ ಹಾಸಿಗೆಯಲ್ಲೇ ಹೆಪ್ಪುಗಟ್ಟುವ ನೀರು. ಕೊನೆಗೆ, ಬೇಕಾದ ಕಡೆ ಬೇಕಾದಷ್ಟು ಇಲ್ಲದ ನೀರು. ಬಯಲಾಟದಲ್ಲಿ ಒಬ್ಬನೇ ನಟ ಐದು ವೇಷ ಕಟ್ಟಿದ ಹಾಗೆ.

ಯೋವಾ ಕಟ್ಟಿದ್ದು 1872ರಲ್ಲಿ, ನಾರ್ವೆಯ ಹಾರ್ಡಾಂಗರ್ ಸೀಮೆಯಲ್ಲಿ, ಹೆರಿಂಗ್ ಮೀನು ಹಿಡಿಯಲು. ಉದ್ದ 21 ಮೀಟರು, ಅಗಲ ಆರು ಮೀಟರು, ತೂಕ 47 ಟನ್. ಎರಡು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಉದ್ದ. ಅದೇ ವರ್ಷ ಹುಟ್ಟಿದ ನಾರ್ವೆಯ ಅನ್ವೇಷಕ ರೋಆಲ್ ಅಮುಂಡ್ಸೆನ್ 1901ರಲ್ಲಿ ಇದನ್ನು ಕೊಂಡು, ಒಡಲಿಗೆ ಓಕ್ ಹಲಗೆಯ ಇನ್ನೊಂದು ಪದರ ಹೊಡೆಸಿ, 13 ಅಶ್ವಶಕ್ತಿಯ ಎಂಜಿನ್ ಕೂರಿಸಿದ. ಇವತ್ತಿನ ಸಾಧಾರಣ ಮೋಟಾರ್ ಬೈಕಿಗೂ ಅಷ್ಟು ಶಕ್ತಿ ಇರುತ್ತದೆ. 1903ರ ಜೂನ್ 16ರ ರಾತ್ರಿ, ಸುರಿಯುವ ಮಳೆಯಲ್ಲಿ, ಏಳು ಜನ ಹೊರಟರು. ಮಧ್ಯರಾತ್ರಿಯ ಅವಸರಕ್ಕೆ ಕಾರಣ ಸಾಲ ಕೊಟ್ಟವರು. ಬೆಳಗಾದರೆ ದೋಣಿ ಜಪ್ತಿಯಾಗುವ ಭಯವಿತ್ತು.

ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಅಮೆರಿಕ ಖಂಡದ ನೆತ್ತಿಯ ಮೇಲಿಂದ ಹೋಗುವ ವಾಯವ್ಯ ಮಾರ್ಗಕ್ಕಾಗಿ ಯುರೋಪು ಮುನ್ನೂರು ವರ್ಷಕ್ಕೂ ಮಿಕ್ಕಿ ತಡಕಾಡಿತ್ತು. 1845ರಲ್ಲಿ ಬ್ರಿಟಿಷ್ ನೌಕಾಪಡೆಯ ಜಾನ್ ಫ್ರಾಂಕ್ಲಿನ್ ‘ಎರೆಬಸ್’, ‘ಟೆರರ್’ ಎಂಬ ಎರಡು ದೊಡ್ಡ ಹಡಗು ತೆಗೆದುಕೊಂಡು ಹೋದ. ಅಂತಿಮವಾಗಿ ಒಳಹೊಕ್ಕವರು 129 ಜನ, ಮರಳಿದವರು ಯಾರೂ ಇಲ್ಲ. ಕಿಂಗ್ ವಿಲಿಯಂ ದ್ವೀಪದ ಪಶ್ಚಿಮಕ್ಕೆ ಆಳವಾದ ನೀರಿದೆ, ಹಾಗಾಗಿ ಹಡಗುಗಳು ಅತ್ತ ಹೋದವು. ಆದರೆ ಉತ್ತರದ ಹಳೆಯ ದಪ್ಪ ಹಿಮಗಡ್ಡೆಗಳು ಇಳಿದು ಬಂದು ಒತ್ತಿಕೊಳ್ಳುವುದೂ ಅತ್ತಲೇ. ದ್ವೀಪದ ಪೂರ್ವದಲ್ಲಿ ಹಿಮದ ಕಾಟ ಕಡಿಮೆ, ಆದರೆ ನೀರು ತೆಳು. ಅಲ್ಲಿ ನೀರಿದೆ ಎಂಬುದೇ ಫ್ರಾಂಕ್ಲಿನ್‌ಗೆ ಗೊತ್ತಿರಲಿಲ್ಲ. ಆ ಭೂಮಿ ದ್ವೀಪವೆಂದು ಜಾನ್ ರೇ ಕಂಡುಕೊಂಡದ್ದು 1854ರಲ್ಲಿ. ಗೊತ್ತಿದ್ದರೂ ಆ ಹಡಗುಗಳ ಹೊಟ್ಟೆ ಅಲ್ಲಿ ತೂರುತ್ತಿರಲಿಲ್ಲ. ಅಮುಂಡ್ಸೆನ್‌ನ ಇಡೀ ಯೋಜನೆ ನಿಂತಿದ್ದು ಇದೊಂದು ಲೆಕ್ಕದ ಮೇಲೆ: ದೊಡ್ಡವರು ಆಳಕ್ಕೆ ಹೋಗಿ ಸತ್ತರು, ನಾವು ಸಣ್ಣವರಾಗಿ ದಂಡೆ ಹಿಡಿದು ಹೋಗೋಣ. ನನ್ನ ಮಟ್ಟಿಗೆ ಇದು ಧೈರ್ಯಕ್ಕಿಂತ ಬುದ್ಧಿಯ ಕೆಲಸ.

ಆದರೆ ಸಣ್ಣವರಾಗುವುದಕ್ಕೆ ಬೆಲೆಯಿದೆ.

ಮೊದಲ ವೇಷ ಗಡ್ಡೆಯದು. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಕುಲ್ಫಿ ಮಾರುವವನು ಮಡಕೆಯ ಐಸಿಗೆ ಕಲ್ಲುಪ್ಪು ಸುರಿಯುವುದು ಇದನ್ನು ನಂಬಿಯೇ. ಸಮುದ್ರದ ನೀರಿಗೆ ಮೈನಸ್ 1.8 ಡಿಗ್ರಿಯಾದರೂ ಬೇಕು. ಮೊದಲು ಸೂಜಿಯಂಥ ಹರಳು ಮೂಡುತ್ತವೆ, ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಮಂಕು ಹರಡುತ್ತದೆ, ಅಲೆಗೆ ಸಿಕ್ಕು ಅಂಚು ಮೇಲೆದ್ದ ದೋಸೆಗಳಾಗುತ್ತವೆ, ದೋಸೆಗಳು ಕೂಡಿಕೊಂಡು ಹಾಸಾಗುತ್ತದೆ. ಹರಳಿನೊಳಗೆ ಉಪ್ಪಿಗೆ ಜಾಗವಿಲ್ಲ. ಅದು ಸಣ್ಣ ಸಣ್ಣ ಕಿಂಡಿಗಳಲ್ಲಿ ಉಪ್ಪುನೀರಾಗಿ ಉಳಿದು, ಕಾಲಕ್ರಮದಲ್ಲಿ ಕೆಳಗೆ ಸೋರಿಹೋಗುತ್ತದೆ. ಆದ್ದರಿಂದ ಹೊಸ ಗಡ್ಡೆ ಮೆತ್ತಗೆ, ಬಾಯಿಗಿಟ್ಟರೆ ಉಪ್ಪು. ಒಂದೆರಡು ಬೇಸಿಗೆ ಕಂಡ ಹಳೆಯ ಗಡ್ಡೆ ಕಲ್ಲಿನಂತೆ ಗಟ್ಟಿ, ಕರಗಿಸಿದರೆ ಕುಡಿಯುವ ನೀರು. ದೋಣಿಯವನಿಗೆ ಎರಡನ್ನೂ ಬಣ್ಣದಿಂದ ಗುರುತಿಸಲು ಬರಬೇಕು. ಬಾಯಾರಿದಾಗ ಅವನು ಹುಡುಕುವ ಗಡ್ಡೆಯೂ ದೋಣಿಯನ್ನು ಒಡೆಯುವ ಗಡ್ಡೆಯೂ ಒಂದೇ.

ತೇಲುವ ಹಿಮಬೆಟ್ಟ ಚಿತ್ರಗಳಲ್ಲಿ ಭಯಂಕರವಾಗಿ ಕಾಣುತ್ತದೆ. ನಾವಿಕರಿಗೆ ಅದರ ಭಯ ಅಷ್ಟಿಲ್ಲ, ಏಕೆಂದರೆ ದೂರದಿಂದಲೇ ಕಾಣುತ್ತದೆ. ಅದರಿಂದ ಕಳಚಿ ಬಿದ್ದ, ಲಾರಿಯಷ್ಟೋ ಎಮ್ಮೆಯಷ್ಟೋ ದೊಡ್ಡ ತುಂಡಿನ ಭಯವೇ ಹೆಚ್ಚು. ಹಿಮದ ಸಾಂದ್ರತೆ ಸಮುದ್ರದ ನೀರಿನ ಸಾಂದ್ರತೆಗಿಂತ ಸ್ವಲ್ಪವೇ ಕಡಿಮೆ, ಹಾಗಾಗಿ ಹತ್ತರಲ್ಲಿ ಒಂಬತ್ತು ಪಾಲು ಮುಳುಗಿರುತ್ತದೆ. ಮೇಲೆ ಉಳಿದ ಮೊಳಕಾಲೆತ್ತರದ ಪಾರದರ್ಶಕ ಬೆನ್ನಿನ ಮೇಲೆ ಅಲೆ ಹಾಯುತ್ತಿದ್ದರೆ ಕಣ್ಣಿಗೂ ಕಾಣದು, ಈಗಿನ ರೇಡಾರಿಗೂ ಸಿಗದು. ಬಡಿದಾಗಲೇ ಗೊತ್ತಾಗುವುದು. ಗ್ರೀನ್‌ಲ್ಯಾಂಡಿನ ಮೆಲ್ವಿಲ್ ಕೊಲ್ಲಿ ಇಂಥದ್ದಕ್ಕೆಲ್ಲ ಕುಖ್ಯಾತ. 1830ರ ಒಂದೇ ಬೇಸಿಗೆಯಲ್ಲಿ ತಿಮಿಂಗಿಲ ಬೇಟೆಯ 19 ಹಡಗು ಅಲ್ಲಿ ಹಿಮಕ್ಕೆ ಸಿಕ್ಕಿ ನಾಶವಾಗಿದ್ದವು. ಯೋವಾ ಅದನ್ನು ದಾಟಿದ್ದು ಬಹುಪಾಲು ಅದೃಷ್ಟದಿಂದ.

ಎರಡನೆಯ ವೇಷ ಮಂಜು. ಕನ್ನಡದಲ್ಲಿ ನಾವು ಮಡಿಕೇರಿಯ ಬೆಳಗಿಗೂ ಮಂಜು ಎನ್ನುತ್ತೇವೆ, ಹಿಮಾಲಯದ ತುದಿಗೂ ಮಂಜು ಎನ್ನುತ್ತೇವೆ, ಫ್ರಿಜ್ಜಿನ ಗಡ್ಡೆಗೂ ಅದೇ ಪದ. ನಮಗೆ ಅಷ್ಟೇ ಸಾಕಾಗಿತ್ತು. ಆರ್ಕ್ಟಿಕ್‌ನಲ್ಲಿ ಈ ಗೊಂದಲ ಪ್ರಾಣಕ್ಕೆ ಬರುತ್ತದೆ. ಅಲ್ಲಿ ಕಾವಳ ದಟ್ಟವಾಗುವುದು ಚಳಿಗಾಲದಲ್ಲಲ್ಲ, ದೋಣಿ ನಡೆಸಲು ಸಾಧ್ಯವಿರುವ ಜುಲೈ–ಆಗಸ್ಟ್‌ನಲ್ಲಿಯೇ. ದಕ್ಷಿಣದಿಂದ ಬರುವ ತೇವದ ಬೆಚ್ಚನೆ ಗಾಳಿ ತಣ್ಣನೆ ನೀರಿನ ಮೇಲೆ ಹಾಯುವಾಗ ಅದರ ತೇವ ಹನಿಯಾಗಿ ನಿಲ್ಲುತ್ತದೆ. ದಿನಗಟ್ಟಲೆ ಕದಲುವುದಿಲ್ಲ. ದಿಕ್ಸೂಚಿ ಇದ್ದರೆ ಮಂಜಿನಲ್ಲೂ ಹೇಗೋ ನಡೆಸಬಹುದು. ಯೋವಾದ ಕಷ್ಟ ಶುರುವಾದದ್ದೇ ಅಲ್ಲಿ.

ಬೀಚೀ ದ್ವೀಪ ಬಿಟ್ಟು ದಕ್ಷಿಣಕ್ಕೆ ಪೀಲ್ ಜಲಸಂಧಿಯಲ್ಲಿ ಇಳಿಯುತ್ತಿದ್ದಂತೆ ದಿಕ್ಸೂಚಿಯ ಮುಳ್ಳು ಮಂಕಾಯಿತು. ಆಮೇಲೆ ನಿಂತೇ ಹೋಯಿತು. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆಯೂ ನೆಲಕ್ಕೆ ಸಮಾನಾಂತರವಾಗಿ ಇರುವುದಿಲ್ಲ. ದಕ್ಷಿಣ ಭಾರತದಲ್ಲಿ ಹೆಚ್ಚುಕಡಿಮೆ ಮಟ್ಟಸ. ಕಾಂತೀಯ ಸಮಭಾಜಕ ನಮ್ಮ ತುದಿಯ ಹತ್ತಿರವೇ ಹಾದುಹೋಗುತ್ತದೆ, 1963ರಲ್ಲಿ ಕೇರಳದ ತುಂಬಾದಿಂದ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಅದಕ್ಕೇ. ಹೀಗಾಗಿ ನಮ್ಮಲ್ಲಿ ಮುಳ್ಳನ್ನು ಅಡ್ಡಡ್ಡ ತಿರುಗಿಸುವ ಬಲ ಚೆನ್ನಾಗಿದೆ. ಉತ್ತರಕ್ಕೆ ಹೋದಷ್ಟೂ ಕ್ಷೇತ್ರದ ಗೆರೆಗಳು ನೆಲದೊಳಕ್ಕೆ ಬಾಗುತ್ತವೆ. ಕಾಂತಧ್ರುವದ ಮೇಲೆ ನಿಂತರೆ ಮುಳ್ಳು ಶೀರ್ಷಾಸನ ಹಾಕಲು ನೋಡುತ್ತದೆಯೇ ಹೊರತು ದಿಕ್ಕು ತೋರಿಸುವುದಿಲ್ಲ. ಆಗ ಆ ಧ್ರುವ ಇದ್ದದ್ದು ಬೂಥಿಯಾ ಪರ್ಯಾಯದ್ವೀಪದಲ್ಲಿ, ಯೋವಾದ ದಾರಿಯ ಮಗ್ಗುಲಲ್ಲೇ. ಸೂರ್ಯ ಕಂಡಾಗ ಸೂರ್ಯ, ರಾತ್ರಿ ನಕ್ಷತ್ರ, ಮಂಜು ಕವಿದಾಗ ದೇವರು.

ಆ ಧ್ರುವವನ್ನು ಅಳೆಯುವುದೂ ಅಮುಂಡ್ಸೆನ್‌ನ ಉದ್ದೇಶವಾಗಿತ್ತು ಎಂಬುದು ತಮಾಷೆ. ದಾರಿ ತಪ್ಪಿಸಿದವನ ಮನೆ ಹುಡುಕಿಕೊಂಡೇ ಹೋದಂತೆ.

1903ರ ಆಗಸ್ಟ್ 31ರ ರಾತ್ರಿ ಎಂಜಿನ್ ಕೋಣೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಎಣ್ಣೆಯಲ್ಲಿ ನೆನೆದ ಹತ್ತಿಯ ಚಿಂದಿಗೆ ಹಿಡಿದ ಉರಿ, ಪಕ್ಕದಲ್ಲೇ ಸಾವಿರಾರು ಲೀಟರ್ ಸೀಮೆಎಣ್ಣೆಯ ಟ್ಯಾಂಕುಗಳು. ಸೋರುತ್ತಿದ್ದ ಒಂದು ಟ್ಯಾಂಕನ್ನು ಸ್ವಲ್ಪ ಮೊದಲಷ್ಟೇ ಖಾಲಿ ಮಾಡಿದ್ದರು. ಉರಿ ನಂದಿಸುವ ಗಡಿಬಿಡಿಯಲ್ಲಿ ಕಿತ್ತುಬಂದದ್ದು ಅದರ ನಲ್ಲಿಯೇ! ಈ ಹೊತ್ತಿನಲ್ಲಿ ಮಾತ್ರ ಸುತ್ತಲಿನ ನೀರು ಅವರ ಪಕ್ಷ ವಹಿಸಿತು.

ಮರುದಿನಗಳಲ್ಲಿ ಮ್ಯಾಟಿ ದ್ವೀಪದ ಬಳಿ ದೋಣಿ ದಿಬ್ಬಕ್ಕೆ ಏರಿ ಕೂತಿತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಬ್ಬರ ಬಂದರೂ ಎದ್ದೇಳಲಿಲ್ಲ. ಅಷ್ಟರಲ್ಲಿ ಗಾಳಿ ಜೋರಾಯಿತು, ಒಂದೊಂದು ಅಲೆಗೂ ದೋಣಿ ಮೇಲೆದ್ದು ಕಲ್ಲಿನ ಮೇಲೆ ಕುಕ್ಕುತ್ತಿತ್ತು. ಉಳಿದದ್ದು ಎರಡೇ ದಾರಿ: ಸಣ್ಣ ದೋಣಿಗಳನ್ನು ಇಳಿಸಿ ಬಿಟ್ಟುಹೋಗುವುದು, ಇಲ್ಲವೇ ಹಾಯಿ ಬಿಚ್ಚಿ ಗಾಳಿಯ ಬಲದಿಂದಲೇ ದಿಬ್ಬದ ಮೇಲೆ ಎಳೆಸುವುದು. ಹಾಯಿ ಬಿಚ್ಚಿದರು. ಡೆಕ್ಕಿನ ಮೇಲೆ ಪೇರಿಸಿದ್ದ ಆಹಾರದ ಭಾರದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಅಡಿಮರದ ಹೊರಪಟ್ಟಿ ಸೀಳಿ ಚಕ್ಕೆ ಚಕ್ಕೆಯಾಗಿ ಪಕ್ಕದಲ್ಲಿ ತೇಲಿಬಂತು. ಕೊನೆಯ ಹೊಡೆತಕ್ಕೆ ಚುಕ್ಕಾಣಿ ತನ್ನ ಕೀಲಿನಿಂದ ಮೇಲೆದ್ದಿತು. ಚುಕ್ಕಾಣಿ ಹೋದರೆ ಎಲ್ಲ ಹೋದಂತೆ. ಇನ್ನೊಂದು ಕುಕ್ಕಿಗೆ ಅದು ತಾನಾಗಿ ಇಳಿದು ಕೀಲಿನಲ್ಲಿ ಕೂತಿತು, ದೋಣಿ ಆಳದ ನೀರಿಗೆ ಜಾರಿತು. ಅಂದಿನಿಂದ ಮೂತಿಯಲ್ಲಿ ಗುಂಡು ಹಿಡಿದವನೊಬ್ಬ, ಕಂಬದ ತುದಿಯಲ್ಲೊಬ್ಬ ಇಲ್ಲದೆ ಯೋವಾ ಕದಲಲಿಲ್ಲ.

ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ದಕ್ಷಿಣದಲ್ಲಿ ಒಂದು ಪುಟ್ಟ ಕೊಲ್ಲಿ ಸಿಕ್ಕಿತು. ಅಲ್ಲಿ ಲಂಗರು ಹಾಕಿದವರು ಎರಡು ಚಳಿಗಾಲ ಕಳೆದರು. ತಾಮ್ರದ ಮೊಳೆ ಬಡಿದು ಖಾಲಿ ಪೆಟ್ಟಿಗೆಗಳಿಂದ ಕಾಂತ ವೀಕ್ಷಣಾಲಯ ಕಟ್ಟಿದರು. ಕಬ್ಬಿಣದ ಮೊಳೆಯಾದರೆ ಅಳತೆ ಕೆಡುತ್ತದೆ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಗುರುತಿಸಿದ ಜಾಗದಿಂದ ಧ್ರುವ ಸರಿದಿದೆ ಎಂದು ಇವರ ಅಳತೆಗಳು ತೋರಿಸಿದವು. ಅದು ನಿಂತಲ್ಲಿ ನಿಲ್ಲುವ ವಸ್ತುವಲ್ಲ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಈಗಂತೂ ಅದು ಕೆನಡಾವನ್ನೇ ಬಿಟ್ಟು ಸೈಬೀರಿಯದ ಕಡೆಗೆ ಹೊರಟಿದೆ.

ನಿಂತ ದೋಣಿಯಲ್ಲಿ ನೀರು ಮೂರನೆಯ ವೇಷ ತೊಡುತ್ತದೆ. ಮನುಷ್ಯನ ಉಸಿರಿನಲ್ಲೇ ದಿನಕ್ಕೆ ಕಾಲು ಲೀಟರಿಗೂ ಹೆಚ್ಚು ನೀರು ಹೊರಬೀಳುತ್ತದೆ. ಬೆವರು ಬೇರೆ, ಅಡಿಗೆಯ ಹಬೆ ಬೇರೆ. ಇಕ್ಕಟ್ಟಿನ ಕೋಣೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ತಣ್ಣನೆ ಹಲಗೆ ಕಂಡಲ್ಲಿ ಹನಿಯಾಗುತ್ತದೆ, ಹನಿ ಹರಳಾಗುತ್ತದೆ. ಮೊಳೆಯ ತಲೆಗಳ ಮೇಲೆ ಬಿಳಿ ಗುಬಟು ಬೆಳೆಯುತ್ತದೆ, ಏಕೆಂದರೆ ಲೋಹ ಹೊರಗಿನ ಚಳಿಯನ್ನು ಮರಕ್ಕಿಂತ ಬೇಗ ಒಳಗೆ ತರುತ್ತದೆ. ಒಲೆ ಹಚ್ಚಿದೊಡನೆ ಎಲ್ಲ ಕರಗಿ ಮಲಗಿದವರ ಮೇಲೆ ಮಳೆ. ಮಲೆನಾಡಿನ ಆಷಾಢದಲ್ಲಿ ವಾರಗಟ್ಟಲೆ ಬಟ್ಟೆ ಒಣಗದೆ ಪರದಾಡಿದವರು ಇದನ್ನು ಕಾಲುಭಾಗ ಊಹಿಸಬಲ್ಲರು.

ಉಣ್ಣೆ ಬಟ್ಟೆಯ ಸೋಲೂ ಇಲ್ಲಿಯೇ. ಹೊರಗೆ ಮೈನಸ್ 50 ಇದ್ದರೂ ದುಡಿಯುವ ಮೈ ಬೆವರುತ್ತದೆ. ಬಿಗಿಯಾದ ಉಣ್ಣೆ ಆ ಬೆವರನ್ನು ಹೀರಿಕೊಂಡು ಹೆಪ್ಪುಗಟ್ಟುತ್ತದೆ, ಮೈಗೆ ಹಿಮದ ಕವಚ ತೊಡಿಸಿದಂತಾಗುತ್ತದೆ. ಆ ಸೀಮೆಯ ನೆಟ್ಸಿಲಿಕ್ ಇನುಯಿಟ್ ಜನ ತೊಡುತ್ತಿದ್ದದ್ದು ಕಾರಿಬೂ ಎಂಬ ಹಿಮಸಾರಂಗದ ಚರ್ಮದ ಎರಡು ಸಡಿಲ ಅಂಗಿ. ಒಳಗಿನದರ ಕೂದಲು ಮೈ ಕಡೆಗೆ, ಹೊರಗಿನದರ ಕೂದಲು ಗಾಳಿಯ ಕಡೆಗೆ. ಆ ಕೂದಲ ಒಳಗೆ ಗಾಳಿ ತುಂಬಿದ ಗೂಡುಗಳಿವೆ, ಶಾಖ ಹೊರಹೋಗದಂತೆ ತಡೆಯುವುದು ಅವೇ. ಸಡಿಲವಾದ್ದರಿಂದ ತೇವ ಮೇಲಕ್ಕೆ ಹೊರಟುಹೋಗುತ್ತದೆ. ಅಮುಂಡ್ಸೆನ್ ನಾಚಿಕೆಯಿಲ್ಲದೆ ಅವರಿಂದ ಕಲಿತ: ಬಟ್ಟೆ, ಹಿಮದ ಮನೆ, ನಾಯಿಗಾಡಿ, ಹಸಿ ಮಾಂಸ. ಫ್ರಾಂಕ್ಲಿನ್‌ನ ಜನ ಇದೇ ದ್ವೀಪದ ತೀರದಲ್ಲಿ ಬೆಳ್ಳಿಯ ಚಮಚಗಳನ್ನು ಹೊತ್ತು ನಡೆದು ಸತ್ತಿದ್ದರು. ತಾಜಾ ಮಾಂಸ ತಿಂದವರಿಗೆ ಸ್ಕರ್ವಿ ಬರಲಿಲ್ಲ. ಅದರಲ್ಲಿ ಸಿ ಜೀವಸತ್ವ ಇದೆ ಎಂಬುದು ಗೊತ್ತಾದದ್ದು ಎಷ್ಟೋ ಕಾಲದ ನಂತರ.

ಯೋವಾಗೆ ಎದುರಾಗದ, ಆದರೆ ಸಣ್ಣ ದೋಣಿಗಳಿಗೆ ಎಲ್ಲಕ್ಕಿಂತ ಕ್ರೂರವಾದ ವೇಷ ಇನ್ನೊಂದಿದೆ. ಗಾಳಿ ಹೆಪ್ಪುಬಿಂದುವಿಗಿಂತ ಸಾಕಷ್ಟು ತಣ್ಣಗಿದ್ದು, ಜೋರಾಗಿಯೂ ಬೀಸುತ್ತಿದ್ದರೆ, ಮೂತಿಗೆ ಬಡಿದು ಹಾರಿದ ತುಂತುರು ಡೆಕ್ಕು, ಕಂಬ, ಹಗ್ಗಗಳ ಮೇಲೆ ಬಿದ್ದಲ್ಲೇ ಗಟ್ಟಿಯಾಗುತ್ತದೆ. ಬೆರಳ ದಪ್ಪದ ಹಗ್ಗ ತೊಡೆಯ ದಪ್ಪವಾಗುತ್ತದೆ. ಭಾರ ಏರುವುದು ಎತ್ತರದಲ್ಲಿ. ಹುಲ್ಲು ವಿಪರೀತ ಹೇರಿದ ಗಾಡಿಯ ಹಾಗೆ ದೋಣಿಗೆ ತಲೆಭಾರ. ಅನುಭವಿಗಳು ಇದನ್ನು ಅಳೆಯುವುದು ತೂಗಾಟದಿಂದ. ಗಟ್ಟಿಮುಟ್ಟಾದ ದೋಣಿ ಓಲಿದೊಡನೆ ಚುರುಕಾಗಿ ಹಿಂದಕ್ಕೆ ಬರುತ್ತದೆ. ಓಲಾಟ ನಿಧಾನವಾಗಿ, ಹಿತವಾಗಿ, ಜೋಕಾಲಿಯಂತಾದರೆ ಎದೆ ಒಡೆಯಬೇಕು: ಇನ್ನೊಂದು ಓಲಾಟಕ್ಕೆ ಅದು ಹಿಂದಕ್ಕೆ ಬಾರದಿರಬಹುದು. ಆಗ ಎಲ್ಲರೂ ಮರದ ಸುತ್ತಿಗೆ ಹಿಡಿದು ಹಗಲೂ ರಾತ್ರಿ ಹಿಮ ಒಡೆಯುತ್ತಾರೆ. 1955ರ ಜನವರಿ 26ರಂದು ಐಸ್‌ಲ್ಯಾಂಡಿನ ಬಳಿ ‘ಲೊರೆಲ್ಲಾ’, ‘ರೊಡೆರಿಗೊ’ ಎಂಬ ಎರಡು ಬ್ರಿಟಿಷ್ ಮೀನುಗಾರಿಕೆ ಹಡಗುಗಳು ಒಂದೇ ದಿನ ಹೀಗೆ ಮಗುಚಿದವು, 40 ಜನ ಸತ್ತರು. ಅವು ಯೋವಾಗಿಂತ ಎಷ್ಟೋ ದೊಡ್ಡವು. ಗಣಿತ ಸಣ್ಣವರ ವಿರುದ್ಧವೇ ಇದೆ. ಆಕಾರ ಅರ್ಧ ಮಾಡಿದರೆ ಮೈಯ ವಿಸ್ತೀರ್ಣ ಕಾಲುಭಾಗವಾಗುತ್ತದೆ, ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ದೋಣಿ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹಿಮ ಕೂರುವ ಜಾಗ ಹೆಚ್ಚು.

ಹಿಮ ಒಡೆಯುವವನು ಜಾರಿ ಬಿದ್ದರೆ? ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು, ಆಗಲೇ ನೀರು ಕುಡಿದು ಸಾಯುವವರಿದ್ದಾರೆ. ಹತ್ತು ನಿಮಿಷದಲ್ಲಿ ಬೆರಳು ಮಡಚದು, ಎಸೆದ ಹಗ್ಗ ಹಿಡಿಯಲಾಗದು. ತೇಲುಕವಚ ಇದ್ದವನು ಪ್ರಜ್ಞೆ ತಪ್ಪಲು ಒಂದು ಗಂಟೆ ಬೇಕು. ಚಳಿಗೇ ಸಾಯುತ್ತಾರೆ ಎಂದು ಜನ ತಿಳಿದಿದ್ದಾರೆ, ಆದರೆ ಅದಕ್ಕೆ ಮೊದಲೇ ಮುಳುಗಿ ಸಾಯುವವರೇ ಹೆಚ್ಚು.

1905ರ ಆಗಸ್ಟ್ 13ರಂದು ಯೋವಾ ಕೊಲ್ಲಿ ಬಿಟ್ಟಿತು. ಮುಂದಿನ ಎರಡು ವಾರ ಆರಂಭದಲ್ಲಿ ಹೇಳಿದ ಗುಂಡು ಎಸೆಯುವ ಕೆಲಸ. ಅಮುಂಡ್ಸೆನ್‌ಗೆ ತುತ್ತು ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. 26ರಂದು ಪಶ್ಚಿಮದಿಂದ ಬಂದ ಹಡಗೊಂದು ಕಂಡಿತು: ಸ್ಯಾನ್ ಫ್ರಾನ್ಸಿಸ್ಕೊದ ತಿಮಿಂಗಿಲ ಬೇಟೆಯ ‘ಚಾರ್ಲ್ಸ್ ಹ್ಯಾನ್ಸನ್’. ಆಚೆ ಕಡೆಯಿಂದ ಹಡಗು ಬಂದಿದೆ ಎಂದರೆ ಮುಂದೆ ದಾರಿ ಇದೆ. ಅಂದು ಅವನ ಹಸಿವು ಮರಳಿತು, ನೇತುಹಾಕಿದ್ದ ಕಾರಿಬೂ ಮಾಂಸವನ್ನು ಹಸಿಯಾಗಿಯೇ ಕತ್ತರಿಸಿ ತಿಂದ. ಆಗ ಅವನ ವಯಸ್ಸು 33. ನೋಡಿದವರು 59ರಿಂದ 75ರವರೆಗೆ ಊಹಿಸಿದರೆಂದು ಅವನೇ ಬರೆದುಕೊಂಡಿದ್ದಾನೆ. ಹಿಮ ಮತ್ತೆ ಕಟ್ಟಿಹಾಕಿ ಮೂರನೆಯ ಚಳಿಗಾಲವೂ ಬಂತು, ಕಾಂತ ವೀಕ್ಷಣೆಯ ಹೊಣೆ ಹೊತ್ತಿದ್ದ ಗುಸ್ತಾವ್ ವಿಕ್ 1906ರ ಮಾರ್ಚ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ಆಗಸ್ಟ್ ಕೊನೆಗೆ ಆರು ಜನ ವಾಯವ್ಯ ಮಾರ್ಗ ದಾಟಿ ಅಲಾಸ್ಕದ ನೋಮ್ ತಲಪಿದರು.

ಎಲ್ಲರೂ ಇಷ್ಟು ಪುಣ್ಯವಂತರಲ್ಲ. 1936ರಲ್ಲಿ ನಮ್ಮ ನಂದಾದೇವಿಯ ತುದಿ ಮುಟ್ಟಿದ ಬಿಲ್ ಟಿಲ್ಮನ್ ವಯಸ್ಸಾದ ಮೇಲೆ ಹಳೆಯ ಮರದ ದೋಣಿಗಳಲ್ಲಿ ಗ್ರೀನ್‌ಲ್ಯಾಂಡಿನ ಕಡೆ ಸುತ್ತಿದ. ‘ಮಿಸ್ಚೀಫ್’ ದೋಣಿ 1968ರಲ್ಲಿ ಯಾನ್ ಮಾಯೆನ್ ದ್ವೀಪದ ಹತ್ತಿರ ನಾಶವಾಯಿತು, ‘ಸೀ ಬ್ರೀಜ್’ 1972ರಲ್ಲಿ ಗ್ರೀನ್‌ಲ್ಯಾಂಡ್ ತೀರದಲ್ಲಿ ನಾಶವಾಯಿತು. 1977ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಇನ್ನೊಬ್ಬರ ದೋಣಿಯಲ್ಲಿ ದಕ್ಷಿಣ ಅಟ್ಲಾಂಟಿಕ್‌ಗೆ ಹೊರಟವನು ದೋಣಿ ಸಮೇತ ಕಾಣೆಯಾದ.

ಈಗ ಹಿಮ ಕರಗುತ್ತಿದೆ, ದಾರಿ ಸಲೀಸಾಯಿತು ಎನ್ನುವವರಿದ್ದಾರೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್‌ನ ಕಡಲ ಹಿಮ 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು, ಉಪಗ್ರಹಗಳು ನೋಡತೊಡಗಿದ ಮೇಲೆ ಅದೇ ಕನಿಷ್ಠ. ಬೇಸಿಗೆಯಲ್ಲಿ ಖಾಸಗಿ ಹಾಯಿದೋಣಿಗಳು ವಾಯವ್ಯ ಮಾರ್ಗದಲ್ಲಿ ಓಡಾಡುತ್ತವೆ. ಆದರೆ ತೆಳು ಹಿಮ ಹೋದಲ್ಲಿ ಉತ್ತರದ ಹಳೆಯ ಗಟ್ಟಿ ಗಡ್ಡೆ ಸಡಿಲಗೊಂಡು ಕಾಲುವೆಗಳಿಗೆ ಇಳಿಯುತ್ತದೆ. ತೆರೆದ ನೀರು ಅಗಲವಾದಷ್ಟೂ ಅಲೆ ಎತ್ತರ. ಕೆನಡಾದ ಆರ್ಕ್ಟಿಕ್ ನೀರಿನ ಬಹುಪಾಲು ಇನ್ನೂ ಆಧುನಿಕ ರೀತಿಯಲ್ಲಿ ಅಳತೆಯಾಗಿಲ್ಲ, ಜಿಪಿಎಸ್ ನೀವೆಲ್ಲಿದ್ದೀರಿ ಎಂದು ಹೇಳುತ್ತದೆಯೇ ಹೊರತು ನಿಮ್ಮ ಕೆಳಗೇನಿದೆ ಎಂದು ಹೇಳುವುದಿಲ್ಲ.

ಯೋವಾ ಓಸ್ಲೋದ ವಸ್ತುಸಂಗ್ರಹಾಲಯದಲ್ಲಿ ಒಣನೆಲದ ಮೇಲೆ ನಿಂತಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹೊರೆಗೆ ಕುಸಿದಿದ್ದ ಉತ್ತರ ಕೆನಡಾದ ನೆಲ ಆ ಹೊರೆ ಇಳಿದ ಮೇಲೆ ಈಗಲೂ ಮೇಲೇಳುತ್ತಿದೆ, ಹಡ್ಸನ್ ಕೊಲ್ಲಿಯ ಸುತ್ತ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ. ಸಿಂಪ್ಸನ್ ಜಲಸಂಧಿಯಲ್ಲಿ ಅಂದು ಸಿಕ್ಕ ಆ ಒಂದಂಗುಲ ನೀರು ಇಂದು ಅಲ್ಲಿ ಇರುವ ಸಂಭವ ಕಡಿಮೆ.